ಯೂನಿಸ್ ಬಾಬಿಯಾಕಳ ಗಾಡಿಗೆ ಮೆಟ್ಟಿಲು

ಯೂನಿಸ್ ಬಾಬಿಯಾಕ್ ಯಾರೆಂದು ಕಲಿನಾ ಊರಿನಲ್ಲಿ ಯಾರೂ ಕೇಳುವುದಿಲ್ಲ. ಅರ್ಧ ಊರಿನವರು ಚಿಕ್ಕಂದಿನಲ್ಲಿ ಅವಳು ಓಡಿಸುತ್ತಿದ್ದ ಹಳದಿ ಸ್ಕೂಲ್ ಬಸ್ಸಿನಲ್ಲಿ ಕೂತು ಬೈಸಿಕೊಂಡವರೇ. ಸಸ್ಕ್ಯಾಚೆವಾನಿನ ಆ ಬಯಲಲ್ಲಿ ಹಿಮಗಾಳಿ ಎದ್ದರೆ ರಸ್ತೆ ಯಾವುದು, ಹೊಲ ಯಾವುದು ಅಂತ ತಿಳಿಯುವುದಿಲ್ಲ. ಅಂಥ ದಿನಗಳಲ್ಲೂ ಅವಳ ಬಸ್ಸು ಒಂದು ಮಗುವನ್ನೂ ದಾರಿಯಲ್ಲಿ ಬಿಟ್ಟು ಬಂದದ್ದಿಲ್ಲ. ಬಸ್ಸಿನ ಕೆಲಸ ಮುಗಿದ ವರ್ಷವೇ ಊರಿಗೆಲ್ಲ ಎತ್ತರದ ಒಂದು ಕಪ್ಪು ಎಸ್‌ಯುವಿ ಕೊಂಡುಬಂದಳು. "ಗಂಡ ಹೆಂಡ್ತಿ ಇಬ್ಬರಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಬೇಕಿತ್ತು?" ಎಂದವರಿಗೆ, "ಇಬ್ಬರಿಗೆ ಅಂತ ಯಾರು ಹೇಳಿದ್ರು? ನನ್ನ ತಂಡಕ್ಕೆ ತಗೊಂಡಿದ್ದು" ಅಂದಳು.

ತಂಡವೆಂದರೆ ಕರ್ಲಿಂಗ್ ತಂಡ. ಮಂಜುಗಡ್ಡೆಯ ಮೇಲೆ ಭಾರದ ದುಂಡುಗಲ್ಲು ಜಾರಿಸಿ, ಆ ತುದಿಯಲ್ಲಿ ಬರೆದ ವೃತ್ತದ ನಡುವೆ ನಿಲ್ಲಿಸುವ ಆಟ. ಕಲ್ಲು ಹೊರಟಾಗ ಇಬ್ಬರು ಪೊರಕೆ ಹಿಡಿದು, ಕಲ್ಲಿಗೆ ತಾಗಿಸದೆ, ಅದರ ಮುಂದೆ ಮುಂದೆ ಮಂಜು ಉಜ್ಜುತ್ತಾ ಓಡಬೇಕು. ಚಳಿಗಾಲದಲ್ಲಿ ಕಲಿನಾದವರಿಗೆ ಇದು ಆಟವೂ ಹೌದು, ಹರಟೆಯೂ ಹೌದು, ಜಗಳವೂ ಹೌದು. ಯೂನಿಸ್ ನಾಯಕಿ. ಲೋಯಿಸ್ ಪಾರ್ಕರ್ ಅವಳ ಬಲಗೈ. ಉಳಿದಿಬ್ಬರು ಅಕ್ಕತಂಗಿಯರು, ಗ್ವೆನ್ ಮತ್ತು ಟೆರೇಸಾ. ಮದುವೆಗೆ ಮುಂಚಿನಿಂದಲೂ ಇದೇ ನಾಲ್ವರು. ಬೇರೆ ಊರಿಗೆ ಪಂದ್ಯಕ್ಕೆ ಹೋಗುವುದಾದರೆ ನಾಲ್ವರೂ ಒಂದೇ ಗಾಡಿಯಲ್ಲಿ, ಯೂನಿಸಳ ಗಾಡಿಯಲ್ಲಿ. ದಾರಿಯುದ್ದಕ್ಕೂ ಎದುರಾಳಿಗಳನ್ನು ಆಡಿಕೊಳ್ಳುತ್ತಾ ಹೋಗುವುದು, ಬರುವಾಗ ಗೆದ್ದಿದ್ದರೆ ಹಾಡು, ಸೋತಿದ್ದರೆ ಇನ್ನೂ ಜೋರಾಗಿ ಹಾಡು.

ಈ ಚಳಿಗಾಲ ಯೂನಿಸಳ ಮಂಡಿ ಕೈಕೊಟ್ಟಿತು. ಆಡುವುದಕ್ಕೇನೂ ತೊಂದರೆಯಿಲ್ಲ, ಬಗ್ಗಲಾಗದವರಿಗೆ ಕಲ್ಲು ತಳ್ಳಲು ಉದ್ದ ಕೋಲು ಇದೆ, ಅವಳ ವಯಸ್ಸಿನವರು ಅರ್ಧಕ್ಕರ್ಧ ಜನ ಅದರಲ್ಲೇ ಆಡುತ್ತಾರೆ. ಕಷ್ಟ ಇದ್ದದ್ದು ಗಾಡಿ ಹತ್ತುವುದಕ್ಕೆ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಳು. "ಗಾಡಿ ಬೆಚ್ಚಗೆ ಮಾಡಿರ್ತೀನಿ" ಎಂದು ಎಲ್ಲರಿಗಿಂತ ಮೊದಲೇ ಹೊರಗೆ ಬರುವುದು, ಸ್ಟೀರಿಂಗ್ ತಬ್ಬಿ ಹಿಡಿದು, ಮಕ್ಕಳ ಮುಂದೆ ಆಡಬಾರದ ಮಾತೆಲ್ಲ ಆಡಿ ಮೈ ಮೇಲೆಳೆದುಕೊಳ್ಳುವುದು, ಮಿಕ್ಕವರು ಬರುವಷ್ಟರಲ್ಲಿ ಏನೂ ಆಗದವಳ ಹಾಗೆ ಕೂತಿರುವುದು. ಗಂಡ ಮೆಟ್ರೋ ಒಂದು ದಿನ ಅಡುಗೆಮನೆ ಕಿಟಕಿಯಿಂದ ಈ ಸರ್ಕಸ್ ಪೂರ್ತಿ ನೋಡಿಬಿಟ್ಟ.

"ಯೂನಿಸ್, ಒರೆಸ್ಟ್‌ಗೆ ಹೇಳಿ ಗಾಡಿಗೊಂದು ಮೆಟ್ಟಿಲು ಹಾಕಿಸ್ಬಾರದಾ?" ಅಂದ ರಾತ್ರಿ ಊಟಕ್ಕೆ ಕೂತಾಗ.

"ಯಾರಿಗೆ, ನಿನಗಾ?"

"ನನಗೇ ಅಂತ ಇಟ್ಕೋ."

"ನಿನಗೆ ಬೇಕಾದ್ರೆ ಏಣಿ ತಗೊಂಡ್ಬಂದು ಹತ್ತು. ನನ್ನ ಗಾಡಿಗೆ ಮುದುಕಿಯರ ಮೆಟ್ಟಿಲು ಹಾಕೋ ಮಾತು ಮಾತ್ರ ಎತ್ತಬೇಡ."

ಮೆಟ್ರೋ ಎತ್ತಲಿಲ್ಲ. ಅವಳ ಜತೆ ಬಾಳಿದವನಿಗೆ ಯಾವಾಗ ಬಾಯಿಮುಚ್ಚಿ ತಟ್ಟೆಯಲ್ಲಿನ ಪೆರೋಗಿ ಕಡುಬು ತಿನ್ನಬೇಕೆಂದು ಚೆನ್ನಾಗಿ ಗೊತ್ತು.

ಹಾಗೆಂದವಳೇ ಮಾರನೆಯ ವಾರ ಎಣ್ಣೆ ಬದಲಿಸುವ ನೆಪ ಹೇಳಿ ಒರೆಸ್ಟ್‌ನ ಗ್ಯಾರೇಜಿಗೆ ಹೋದಳು. ಒರೆಸ್ಟ್ ಅವಳ ಬಸ್ಸಿನಲ್ಲಿ ಬೆಳೆದ ಹುಡುಗ. ಈಗ ತಲೆ ಬೋಳಾಗಿದ್ದರೂ ಅವಳ ಮುಂದೆ ಟೋಪಿ ತೆಗೆದೇ ನಿಲ್ಲುತ್ತಾನೆ.

"ನನ್ನ ಸ್ನೇಹಿತೆಯೊಬ್ಬಳು ಕೇಳ್ತಿದ್ಲು," ಅಂದಳು ಯೂನಿಸ್. "ಈ ಗಾಡಿಗೆ ಮೆಟ್ಟಿಲು ಗಿಟ್ಟಿಲು ಹಾಕೋಕಾಗುತ್ತಾ ಅಂತ."

ಒರೆಸ್ಟ್ ನಗಲಿಲ್ಲ, ಪುಣ್ಯಾತ್ಮ. "ಹಾಕಬಹುದು ಮಿಸೆಸ್ ಬಾಬಿಯಾಕ್. ಯಾವಾಗಲೂ ಹೊರಗೇ ಇರೋದು ಒಂದು ನಮೂನೆ. ನಮ್ಮ ಹಳ್ಳಿ ರಸ್ತೆಲಿ ಹಿಮ ಗಟ್ಟಿಯಾಗಿರುತ್ತಲ್ಲ, ಅದಕ್ಕೆ ತಗುಲಿ ಕಿತ್ತುಬರುತ್ತೆ. ಇನ್ನೊಂದು ಮೋಟರಿಂದು. ಬಾಗಿಲು ತೆಗೆದ್ರೆ ತಾನೇ ಕೆಳಗಿಳಿಯುತ್ತೆ, ಹಾಕಿದ್ರೆ ಮಡಚಿಕೊಂಡು ಗಾಡಿ ಹೊಟ್ಟೆ ಕೆಳಗೆ ಸೇರ್ಕೊಳ್ಳುತ್ತೆ. ಅಲ್ಲೊಂದು ಮೆಟ್ಟಿಲಿದೆ ಅಂತ ಯಾರಿಗೂ ಕಾಣಲ್ಲ."

"ಕಾಣೋದೇ ಇಲ್ವಾ?"

"ಇಲ್ಲ. ಆದರೆ ನಮ್ಮ ಚಳೀಲಿ ಅದು ಹೇಳಿದ ಮಾತು ಕೇಳುತ್ತೆ ಅಂತ ನಾನು ಮಾತು ಕೊಡಲ್ಲ. ಕೆಸರು ಹಿಮ ಹೆಪ್ಪುಗಟ್ಟಿದ್ರೆ ಮುನಿಸ್ಕೊಂಡು ಕೂತುಬಿಡುತ್ತೆ."

ಕಾಣುವುದಿಲ್ಲ ಎಂಬ ಮಾತು ಅವಳಿಗೆ ಹಿಡಿಸಿತು. ಆದರೂ ಬಾಗಿಲು ತೆಗೆದಾಗ ಇಳಿಯುತ್ತದಲ್ಲ! ಆಟದ ಮನೆಯ ಮುಂದೆ, ಹತ್ತು ಜನರ ಕಣ್ಣೆದುರು, ಯೂನಿಸ್ ಬಾಬಿಯಾಕ್‌ಗೆ ಗಾಡಿ ಹತ್ತಲು ಮೆಟ್ಟಿಲು ಬೇಕಾಯಿತಂತೆ ಎಂದು ಜಾಹೀರಾಗುವುದಿಲ್ಲವೇ? "ಅವಳಿಗೆ ಹೇಳ್ತೀನಿ" ಎಂದು ಬಂದುಬಿಟ್ಟಳು.

ಇಷ್ಟರಲ್ಲಿ ಇನ್ನೊಂದು ಸಂಕಟ ಶುರುವಾಗಿತ್ತು. ಲೋಯಿಸ್ ಅವಳ ಗಾಡಿಯಲ್ಲಿ ಬರುವುದನ್ನು ನಿಲ್ಲಿಸಿದ್ದಳು. ಒಮ್ಮೆ "ಮಗ ಆ ಕಡೆಗೇ ಹೋಗ್ತಿದ್ದಾನೆ, ಅವನ ಕಾರಲ್ಲೇ ಬರ್ತೀನಿ" ಅಂದಳು. ಸರಿ ಹೋಗಲಿ ಅಂದುಕೊಂಡರೆ ಮುಂದಿನ ಸಲವೂ ಅದೇ ಮಾತು, ಅದರ ಮುಂದಿನ ಸಲವೂ ಅದೇ. ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರಿದ್ದರೂ ಮುಂದಿನ ಸೀಟು ಖಾಲಿ, ಹಾಡಿಗೆ ಒಂದು ದನಿ ಕಮ್ಮಿ. ಕೋ-ಆಪ್ ಅಂಗಡಿಯ ಕಾಫಿ ಮೇಜಿನಲ್ಲಿ ಕೇಳಿದ ಸುದ್ದಿಯನ್ನು ಮೆಟ್ರೋ ಮನೆಗೆ ತಂದ: ಹೇಜಲ್‌ಡೇಲ್ ಊರಿನ ತಂಡದವರು ಲೋಯಿಸಳನ್ನು ತಮ್ಮ ಕಡೆಗೆ ಕರೆಯುತ್ತಿದ್ದಾರಂತೆ. ಯೂನಿಸ್ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಪಂದ್ಯ ಹೋದರೆ ಇನ್ನೊಂದು ಬರುತ್ತದೆ, ಲೋಯಿಸ್ ಹೋದರೆ ಇನ್ನೊಬ್ಬಳು ಎಲ್ಲಿಂದ ಬರಬೇಕು? ನೇರವಾಗಿ ಕೇಳೋಣವೆಂದರೆ ಬಾಯಿ ಬರಲಿಲ್ಲ. ಹಾಗೆ ಕೇಳಿಬಿಡುವುದು ಆ ಗೆಳತಿಯರ ಜಾಯಮಾನವೇ ಅಲ್ಲ. ಮಂಜು, ಗೋಧಿ, ಮೊಮ್ಮಕ್ಕಳು ಎಲ್ಲದರ ಬಗ್ಗೆ ಮಾತಾಡಿಯಾರು, ತಮ್ಮ ನೋವೊಂದನ್ನು ಬಿಟ್ಟು.

ಫೆಬ್ರವರಿಯಲ್ಲಿ ಪಂದ್ಯ ಬಿದ್ದದ್ದೂ ಹೇಜಲ್‌ಡೇಲಿನಲ್ಲೇ, ಅದೇ ತಂಡದ ಮೇಲೆ. ಆಟ ಕೊನೆಯ ಕಲ್ಲಿನವರೆಗೂ ಸಮಸಮ ಬಂತು. ಆ ಕಲ್ಲು ಯೂನಿಸಳದು. ಕೋಲಿನಿಂದ ತಳ್ಳಿದಳು, ಕಲ್ಲು ಕೈಬಿಟ್ಟಾಗಲೇ ಗೊತ್ತಾಯಿತು, ಇಂಥದ್ದು ವರ್ಷಕ್ಕೊಮ್ಮೆ ಬೀಳುವುದು. ಲೋಯಿಸ್ ಮತ್ತು ಗ್ವೆನ್ ಪೊರಕೆ ಉಜ್ಜುತ್ತಾ ಅದರ ಮುಂದೆ ಹೋದರು. ಕಲ್ಲು ಮೆಲ್ಲಗೆ ವೃತ್ತದೊಳಗೆ ಬಂದು ನಟ್ಟನಡುವೆ ನಿಂತಿತು. ಗೆದ್ದರು! ಟೆರೇಸಾ ಕೂಗಿಯೇಬಿಟ್ಟಳು.

ಲೋಯಿಸ್ ಕೈ ಎತ್ತಿದಳು.

"ಮುಟ್ಟಿದೆ," ಅಂದಳು. "ನನ್ನ ಪೊರಕೆ ಕಲ್ಲಿಗೆ ತಗುಲ್ತು."

ಯಾರೂ ಕಂಡಿರಲಿಲ್ಲ. ಎದುರಾಳಿಗಳೂ ಕಂಡಿರಲಿಲ್ಲ. ಈ ಆಟದಲ್ಲಿ ಸೀಟಿ ಊದುವವನು ಬಂದು ತಪ್ಪು ಹಿಡಿಯುವುದಿಲ್ಲ. ಮುಟ್ಟಿದವಳೇ ಹೇಳಬೇಕು, ಹೇಳುತ್ತಾರೆ. ಹಾಗೆ ತಾಗಿದ ಕಲ್ಲು ಲೆಕ್ಕಕ್ಕಿಲ್ಲ. ಹೇಜಲ್‌ಡೇಲಿನ ನಾಯಕಿ ಪಾಪ ಮುಖ ಸಣ್ಣದು ಮಾಡಿಕೊಂಡು ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಯೂನಿಸಳ ತಂಡ ಸೋತಿತು. ಎಲ್ಲರೂ ಕೈಕುಲುಕಿದರು. ಪದ್ಧತಿಯಂತೆ ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಿ ಒಂದೇ ಮೇಜಿಗೆ ಕೂರಿಸಿಕೊಂಡರು. ಸೋತರೆ ಮುಖ ಊದಿಸಿಕೊಳ್ಳುವ ಯೂನಿಸ್ ಅವತ್ತು ಲೋಯಿಸ್ ಪಕ್ಕದಲ್ಲಿ ಎದೆಯುಬ್ಬಿಸಿ ಕೂತಿದ್ದಳು. ನನ್ನ ತಂಡದವಳು ಕಣ್ರೋ ಇವಳು, ನೋಡಿಕೊಳ್ಳಿ, ಎಂದು ಮೇಜು ಹತ್ತಿ ಕೂಗಬೇಕೆನ್ನಿಸಿತ್ತು. ಹಾಗೆಯೇ ಒಳಗೊಳಗೆ ನಾಚಿಕೆಯೂ ಆಗುತ್ತಿತ್ತು. ಇವಳು ಯಾರೂ ಕಾಣದ ಒಂದು ತಾಗುವಿಕೆಯನ್ನು ಊರೆದುರು ಒಪ್ಪಿಕೊಂಡಳು, ನಾನೋ ಚಳಿಗಾಲವಿಡೀ ಒಂದು ಮಂಡಿಯನ್ನು ಬಚ್ಚಿಟ್ಟುಕೊಂಡು ತಿರುಗುತ್ತಿದ್ದೇನೆ.

ಹೊರಗೆ ಲೋಯಿಸ್ ಮಗನ ಕಾರಿಗೆ ಕಾಯುತ್ತಾ ನಿಂತಿದ್ದಳು. ಯೂನಿಸ್ ಹೋಗಿ ಎದುರಿಗೇ ನಿಂತಳು.

"ಹೇಜಲ್‌ಡೇಲ್‌ನವರ ಕಡೆ ಹೋಗ್ತೀಯೇನೇ?"

"ಯಾರೇ ಹೇಳಿದ್ದು? ಕರೆದಿದ್ದು ನಿಜ. ಬೈಯೋಕೆ ನನಗೆ ಯೂನಿಸ್ ಒಬ್ಬಳೇ ಸಾಕು ಅಂದೆ."

"ಮತ್ತೆ ನನ್ನ ಗಾಡಿ ಯಾಕೆ ಬೇಡವಾಯ್ತು?"

ಲೋಯಿಸ್ ಬೂಟಿನಿಂದ ಹಿಮ ಕೆದಕತೊಡಗಿದಳು. ಯೂನಿಸ್ ಉಸಿರೆಳೆದುಕೊಂಡಳು.

"ಹಾಗಾದ್ರೆ ಮೊದಲು ನಂದು ಕೇಳು. ಗಾಡಿ ಬೆಚ್ಚಗೆ ಮಾಡ್ತೀನಿ ಅಂತ ಮುಂಚೆ ಓಡಿಬರ್ತೀನಲ್ಲ, ಅದೆಲ್ಲ ಬರೀ ಬೊಗಳೆ. ಹತ್ತೋಕಾಗಲ್ಲ ಕಣೇ. ಮಂಡಿ ಸತ್ತೇಹೋಗಿದೆ. ಯಾರೂ ನೋಡಬಾರದು ಅಂತ ಮೊದಲೇ ಬಂದು ಒದ್ದಾಡ್ತೀನಿ."

ಲೋಯಿಸ್ ತಲೆಯೆತ್ತಿ ಅವಳನ್ನೇ ದಿಟ್ಟಿಸಿದಳು. "ಥೂ ನಿನ್ನ!" ಅಂದಳು. "ನನ್ನ ಸೊಂಟಕ್ಕೂ ಆಗಲ್ವೇ! ಇರೋದೇ ನಾನು ಗೇಣುದ್ದ. ಹೇಳಿದ್ರೆ ನೀನು ನನಗೋಸ್ಕರ ಆ ಗಾಡಿ ಮಾರಿಬಿಡ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಅದಂದ್ರೆ ನಿನಗೆ ಪ್ರಾಣ ಅಲ್ವಾ?"

"ಗಾಡಿ ಮನೆ ಹಾಳಾಗ್ಲಿ! ನೀನಿಲ್ಲದೆ ಅದನ್ನ ಕಟ್ಕೊಂಡು ಏನು ಮಾಡ್ಲಿ?"

ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಯೂನಿಸಳ ಕಣ್ಣಲ್ಲಿ ನೀರು ಬಂದು ಚಳಿಗೆ ಹೆಪ್ಪುಗಟ್ಟಿ ರೆಪ್ಪೆಗೇ ಅಂಟಿಕೊಂಡಿತು. ಮಾರನೆಯ ದಿನ ಬೆಳಗ್ಗೆಯೇ ಗ್ಯಾರೇಜಿಗೆ ಹೋಗಿ, "ಒರೆಸ್ಟ್, ಮೆಟ್ಟಿಲು ಬೇಕಾಗಿರೋದು ನನಗೆ. ಎರಡೂ ಕಡೆ ಹಾಕು" ಅಂದಳು. ಮೋಟರಿನದನ್ನೇ ಆರಿಸಿದಳು. ಹಳ್ಳಿ ರಸ್ತೆಯ ಹಿಮಕ್ಕೆ ಅದೇ ಸರಿ ಎಂದಳು ಬಾಯಲ್ಲಿ. ಮುಚ್ಚಿದರೆ ಕಾಣುವುದಿಲ್ಲ ಎಂಬ ಆಸೆಯೂ ಚೂರು ಉಳಿದಿತ್ತು, ಇಲ್ಲವೆನ್ನುವುದೇಕೆ.

ಮುಂದಿನ ಪಂದ್ಯದ ಬೆಳಗ್ಗೆ ಕೊರೆಯುವ ಚಳಿ. ಹಿಂದಿನ ದಿನದ ಕೆಸರು ಹಿಮ ಗಾಡಿಯ ಅಡಿಯಲ್ಲೆಲ್ಲ ಕಲ್ಲಾಗಿತ್ತು. ಕೋ-ಆಪ್ ಅಂಗಡಿ ಮುಂದೆ ನಾಲ್ವರೂ ಸೇರಿದಾಗ, ಮೆಟ್ಟಿಲಿನ ಸುದ್ದಿ ಕೇಳಿದ್ದ ಕಾಫಿ ಮೇಜಿನವರು ಲೋಟ ಹಿಡಿದು ಹೊರಗೆ ಬಂದು ನಿಂತರು. ಮೆಟ್ರೋನೂ ಇದ್ದ. ಬಾಗಿಲು ತೆಗೆದರೆ ಮೆಟ್ಟಿಲು ನರಳಿ, ಗೊಣಗಿ, ಕೊನೆಗೆ ಲಟಕ್ಕನೆ ಇಳಿಯಿತು. ಲೋಯಿಸ್ ಯಾರ ಕೈಯನ್ನೂ ಹಿಡಿಯದೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಅಕ್ಕತಂಗಿಯರು ಹತ್ತಿದರು. ಎಲ್ಲರಿಗಿಂತ ಕೊನೆಗೆ, ಅಷ್ಟೂ ಜನ ನೋಡುತ್ತಿದ್ದ ಹಾಗೇ, ಯೂನಿಸ್ ಹತ್ತಿದಳು.

ಬಾಗಿಲು ಹಾಕಿದರೆ ಮೆಟ್ಟಿಲು ಒಳಗೆ ಹೋಗಲಿಲ್ಲ. ಮತ್ತೆ ತೆಗೆದು ಹಾಕಿದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಎರಡೂ ಕಡೆ ಹೊರಗೆ ಚಾಚಿಕೊಂಡೇ ನಿಂತಿತು.

"ಯೂನಿಸ್, ನಿನ್ನ ಮೆಟ್ಟಿಲು ಊರಿಗೆಲ್ಲ ಕಾಣ್ತಿದೆ!" ಅಂತ ಒಬ್ಬ ಕೂಗಿದ. ಎಲ್ಲರೂ ಗೊಳ್ಳೆಂದರು.

"ಇಳಿದು ಒದ್ದು ಒಳಗೆ ತಳ್ಳೋಣ್ವಾ?" ಅಂದಳು ಲೋಯಿಸ್ ಮೆಲ್ಲಗೆ.

ಯೂನಿಸ್ ಪಕ್ಕದ ಸೀಟು ನೋಡಿದಳು, ಹಿಂದಿನ ಸೀಟು ನೋಡಿದಳು. ಕಿಟಕಿ ಗಾಜು ಇಳಿಸಿ ಗಂಡನಿಗೂ ಕಾಫಿ ಲೋಟಗಳಿಗೂ ಒಟ್ಟಿಗೇ ಕೈಬೀಸಿದಳು.

"ಬೇಡ, ಇರಲಿ ಬಿಡೇ," ಅಂದಳು. "ನೋಡಲಿ." ಗಾಡಿ ಹೆದ್ದಾರಿ ಹಿಡಿಯುವ ಮುಂಚೆಯೇ ನಾಲ್ವರೂ ಹಾಡಲು ಶುರುಮಾಡಿದ್ದರು.