ಟಿಕೇಟ್ ದೊಡ್ಡವ್ವ ಹೇಳಿದ ಸುಳ್ಳು

ದೊಡ್ಡವ್ವನ ಬಲಗೈ ಹೆಬ್ಬೆರಳು ಯಾವಾಗ ನೋಡಿದರೂ ನೇರಳೆ ಬಣ್ಣ. ಟಿಕೇಟಿನ ಮೇಲೆ ತಾರೀಖಿನ ಮುದ್ರೆ ಒತ್ತಿ ಒತ್ತಿ ಹತ್ತಿದ ಶಾಯಿ ಅದು. ಎಷ್ಟು ಪಾತ್ರೆ ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾದಗಿರಿ ಹತ್ತಿರದ ನಮ್ಮೂರಿನ ಸ್ಟೇಷನ್ನಿಗೆ ಮಾಸ್ತರ್ ಇರಲಿಲ್ಲ. ಟಿಕೇಟ್ ಮಾರುವ ಗುತ್ತಿಗೆ ಆಕೆಯದು. ಕಸ ಹೊಡೆಯುವವಳೂ, ಬೇವಿನ ಗಿಡದ ಕೆಳಗೆ ನೀರಿನ ಕೊಡ ಇಡುವವಳೂ ಆಕೆಯೇ. ನಮಗೆ ಸಂಬಂಧಿಯಲ್ಲ, ಊರಿಗೆಲ್ಲ ದೊಡ್ಡವ್ವ.

"ಉಗಿಬಂಡಿ ಇದ್ದಾಗ ಇಲ್ಲಿಂದ ಹತ್ತಿ ಮೂಟಿ ಹೋಗತಿದ್ವು. ನಮ್ಮ ಮಾವ ಇಲ್ಲೇ ಹಮಾಲಿ ಮಾಡ್ಯಾನ. ಸಣ್ಣ ಸ್ಟೇಷನ್ ಅನಬ್ಯಾಡ್ರಿ" ಎನ್ನುತ್ತಿದ್ದಳು.

ನಾವು ಏಳೆಂಟು ಹುಡುಗಿಯರು ಬೆಳಗಿನ ಪ್ಯಾಸೆಂಜರ್ ಹತ್ತಿ ಯಾದಗಿರಿಯ ಕಾಲೇಜಿಗೆ ಹೋಗುತ್ತಿದ್ದೆವು. ಟಿಕೇಟ್ ತೆಗೆಯುತ್ತಿರಲಿಲ್ಲ, ಊರವರೂ ಅಷ್ಟೇ. "ತಗೋರಿ ಯವ್ವಾ, ಟಿಕೇಟ್ ಹೋಗಲಿಲ್ಲಂದ್ರ ಗಾಡಿ ನಿಂದರಂಗಿಲ್ಲ" ಎಂದು ದೊಡ್ಡವ್ವ ಕಿಟಕಿಯಿಂದ ಕೂಗುತ್ತಿದ್ದಳು. ನಾವು ನಗುತ್ತ ಓಡುತ್ತಿದ್ದೆವು.

ಒಂದು ಮುಂಜಾನೆ ತಪಾಸಣೆಗೆ ಸಾಹೇಬರೊಬ್ಬರು ಬಂದರು. "ಟಿಕೇಟ್ ನಾಕೇ ಹೋಗ್ಯಾವ. ಈ ಹುಡುಗ್ಯಾರು ಯಾರು?" ಎಂದು ನಮ್ಮತ್ತ ತಿರುಗಿದರು. ಸಿಕ್ಕಿಬಿದ್ದ ಸುದ್ದಿ ಮನೆಗೆ ಮುಟ್ಟಿದರೆ ಅಪ್ಪ ಕಾಲೇಜು ಬಿಡಿಸುವುದು ಖಂಡಿತ. ಅದು ದೊಡ್ಡವ್ವನಿಗೂ ಗೊತ್ತಿತ್ತು.

"ಗಾಡಿ ಹತ್ತೋರಲ್ರಿ ಸಾಹೇಬ್ರ. ಬಸ್ಸಿಗೆ ಹೋಗೋರು, ನೀರು ಕುಡಿಲಾಕ ಬಂದಾರ" ಎಂದಳು.

"ಹಂಗಾದ್ರ ಆ ನಾಕು ಮಂದಿ ಬಿಟ್ರ ಈ ಗಾಡಿಗೆ ಮಂದೀನೇ ಇಲ್ಲ?"

ಆಕೆ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಇಲ್ರಿ."

ಸಾಹೇಬರು ಅದನ್ನೇ ಬರೆದುಕೊಂಡರು. ಗಾಡಿ ಬಂತು, ನಿಂತಿತು, ಹೋಯಿತು. ನಾವು ಹತ್ತಲಿಲ್ಲ.

ಮುಂದಿನ ಬೇಸಿಗೆಯಿಂದ ಆ ಗಾಡಿ ನಮ್ಮೂರಲ್ಲಿ ನಿಲ್ಲಲೇ ಇಲ್ಲ. ಕಿಟಕಿಗೆ ತಗಡು ಬಡಿದರು. ನಾವು ಶೇರ್ ಆಟೊ ಹಿಡಿದೆವು. ದೊಡ್ಡವ್ವ ಮಂದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋದಳು.

ನಾನು ಟೀಚರಾದ ಮೇಲೆ ಒಮ್ಮೆ ಸಂತೆಯಲ್ಲಿ ಸಿಕ್ಕಳು. "ದೊಡ್ಡವ್ವ, ಅವತ್ತು ನೀ ಖರೇ ಹೇಳಿದ್ರ..." ಎಂದು ಶುರು ಮಾಡಿದೆ. "ಖರೇ ಹೇಳಿದ್ರ ನಿಮ್ಮಪ್ಪ ನಿನ್ನ ಲಗ್ನ ಮಾಡಿ ಕೈ ತೊಳಕೊಂತಿದ್ದ. ಬಿಡು" ಎಂದು ಬದನೆಕಾಯಿ ಆರಿಸತೊಡಗಿದಳು.

ಹೋದ ವರ್ಷ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಆಕೆಯ ಮಗಳು ಅಳುತ್ತ ಹೇಳಿದಳು: "'ಮಂದಿ ಇಲ್ಲಂತ ನಾನೇ ಹೇಳಿದ್ನಿ, ನನ್ನಿಂದ್ಲೇ ಸ್ಟೇಷನ್ ಮುಚ್ಚಿತು' ಅಂತ ಅವ್ವ ಕಡೀತನಕ ಅಂತಿದ್ಲು."

ಅಂಗಳದಲ್ಲಿ ಕೂತವರಲ್ಲಿ ಅರ್ಧ ಮಂದಿ ಟಿಕೇಟಿಲ್ಲದೆ ಆ ಗಾಡಿ ಹತ್ತಿದವರೇ. ನಾನೂ ಅವರಲ್ಲೊಬ್ಬಳು.