ಹಣೆಗೇರಿದ ಹಾರುಬೂದಿ

ವೀರಭದ್ರಪ್ಪ ಸಾಹೇಬರನ್ನು ಗುರುತಿಸಲು ಮುಖ ಕಾಣಬೇಕಾಗಿರಲಿಲ್ಲ, ಹಣೆ ಕಂಡರೆ ಸಾಕಿತ್ತು. ಹಣೆ ತುಂಬ ಮೂರು ಪಟ್ಟಿ ವಿಭೂತಿ. ಕೊಟ್ಟೂರಿನ ಬಸ್ಸಿನಲ್ಲಿ ನಿಂತುಕೊಂಡು ಬೆವರುತ್ತ ಬಂದರೂ ಒಂದು ಗೆರೆ ಅಲುಗಿರುತ್ತಿರಲಿಲ್ಲ. ನಾನು ಅಲ್ಲೇ ಹತ್ತಿರದ ಅರಸೀಕೆರೆಯವಳು, ಬಾಯಿ ಸುಮ್ಮನಿರುವುದಿಲ್ಲ. "ಸರ್, ಇದನ್ನ ಪೇಂಟರ್ ಕಡಿಂದ ಹಚ್ಚಸ್ತೀರೇನ್ರಿ?" ಎಂದು ಕೇಳಿಬಿಟ್ಟಿದ್ದೆ. "ನಮ್ಮವ್ವ ಕಲಿಸ್ಯಾಳ ತಂಗಿ. ಆಕಿ ಪೇಂಟರ್‌ಗಿಂತ ಜೋರಿದ್ಲು" ಎಂದು ನಕ್ಕಿದ್ದರು.

ನಮ್ಮ ಕಚೇರಿ ಇದ್ದದ್ದು ಕಾನಹೊಸಹಳ್ಳಿಯಾಚೆ, ಒಂದು ಪ್ರಾಯೋಗಿಕ ವಿದ್ಯುತ್ ಘಟಕದ ಕಾಂಪೌಂಡಿನೊಳಗೆ. ಹೊಗೆ, ಬೂದಿ ಹೊರಗೆ ಹೋಗದಂತೆ ಕಲ್ಲಿದ್ದಲು ಉರಿಸುವ ಹೊಸ ತಂತ್ರಜ್ಞಾನವನ್ನು ಒಂದು ಕಂಪನಿ ಅಲ್ಲಿ ಪರೀಕ್ಷಿಸುತ್ತಿತ್ತು. ಪರೀಕ್ಷೆ ನೆಟ್ಟಗೆ ನಡೆಯುತ್ತಿದೆಯೇ ಎಂದು ಸರ್ಕಾರದ ಪರವಾಗಿ ನೋಡುವ ಎಂಜಿನಿಯರು ಅವರು, ಅವರು ನೋಡಿದ್ದನ್ನು ಟೈಪ್ ಮಾಡುವವಳು ನಾನು. ಬೋರ್ಡಿನ ಮೇಲೆ 'ಮೇಲ್ವಿಚಾರಣಾ ಕಚೇರಿ' ಎಂದಿತ್ತು. ಆ ಪದವನ್ನು ಸಾಹೇಬರು ಬಿಡಿಸಿ ಹೇಳುತ್ತಿದ್ದರು: "ಮೇಲಿನವ್ರು ಬಂದಾಗ ಮಾತ್ರ ವಿಚಾರಣಿ ನೋಡವಾ, ಅದಕ್ಕ ಇದು ಮೇಲ್ವಿಚಾರಣಿ."

ಸುಳ್ಳೇನಲ್ಲ. ಚಿಮಣಿಯ ಬುಡದಲ್ಲಿ ಬೂದಿ ಹಿಡಿಯುವ ಯಂತ್ರವೊಂದಿತ್ತು. ಅದೇ ಬಹಳ ಕರೆಂಟು ತಿನ್ನುತ್ತದೆಂದು ಕಂಪನಿಯವರು ಅದನ್ನು ಬಂದ್ ಇಡುತ್ತಿದ್ದರು. ಮೇಲಿನವರ ಕಾರು ಹೆದ್ದಾರಿ ಬಿಟ್ಟು ಇತ್ತ ಹೊರಳಿದ ಸುದ್ದಿ ಬಂದರೆ ಯಂತ್ರ ಗುಂಯ್ ಎನ್ನುತ್ತಿತ್ತು. ಗಂಡಿನ ಕಡೆಯವರು ಬರುವ ದಿನದ ಮನೆಯಂತೆ ಚಿಮಣಿ ಸ್ವಚ್ಛವಾಗಿ ನಿಲ್ಲುತ್ತಿತ್ತು. ಅವರು ಫೋಟೋ ತೆಗೆಸಿಕೊಂಡು, ಮಂಡಕ್ಕಿ ಮಿರ್ಚಿ ತಿಂದು, ಮೆಚ್ಚಿಕೊಂಡು ಹೋಗುತ್ತಿದ್ದರು.

ಮೇಲಿನವರು ಬಾರದ ದಿನಗಳ ಲೆಕ್ಕ ಗೊತ್ತಿದ್ದದ್ದು ಘಟಕದ ಹಿಂದಿನ ಓಣಿಯ ಹನುಮವ್ವನಿಗೆ. ಸಂಡಿಗೆ ಮಾಡಿ ಸಂತೆಯಲ್ಲಿ ಮಾರುವ ಹೆಂಗಸು. "ಸಾಹೇಬ್ರ, ನಾ ಉಪ್ಪು ಹಾಕಿದ್ರ ನಿಮ್ಮ ಚಿಮಣಿ ಬೂದಿ ಹಾಕತೈತ್ರಿ. ಯಾರು ತಗೋತಾರ ಇದನ್ನ?" ಎಂದು ಬೂದಿ ಮೆತ್ತಿದ ಸಂಡಿಗೆಯನ್ನು ಮೇಜಿನ ಮೇಲೆ ಸುರಿದು ಹೋಗಿದ್ದಳು. ಸಾಹೇಬರು ಮೇಲಕ್ಕೆ ಬರೆದರು. 'ಸಾಕ್ಷ್ಯ ಒದಗಿಸಿ' ಎಂದು ಉತ್ತರ ಬಂತು.

ಅಷ್ಟರಲ್ಲಿ ಕೊನೆಯ ಭೇಟಿ ನಿಗದಿಯಾಯಿತು. ಸಮಿತಿ ಬಂದು 'ಪ್ರಯೋಗ ಯಶಸ್ವಿ' ಎಂದು ಸಹಿ ಹಾಕಿದರೆ ಮುಗಿಯಿತು, ನಮ್ಮ ಕಚೇರಿಯೇ ಮುಚ್ಚುತ್ತದೆ, ಆಮೇಲೆ ಹನುಮವ್ವನ ಮಾತು ಕೇಳುವವರೇ ಇಲ್ಲ. ಸಾಹೇಬರು ಹಿಂದಿನ ದಿನ ಅವಳ ಮಾಳಿಗೆ ಹತ್ತಿ, ಪೊರಕೆಯಿಂದ ಬೂದಿ ಬಳಿದುಕೊಂಡು ಬಂದರು. ಮಾದರಿ ತುಂಬಲು ಮೇಲಿನವರನ್ನು ಕೇಳಿದ್ದ ಬಾಟಲಿ ಬಂದಿರಲಿಲ್ಲ. ನನ್ನ ಊಟದ ಸ್ಟೀಲ್ ತಟ್ಟೆಯಲ್ಲೇ ಅದನ್ನು ಹರವಿ, ಸಮಿತಿಯ ಮೇಜಿನ ನಡುವೆ ಇಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತರು.

ಆಗಷ್ಟೇ ಯಂತ್ರದ ಪೂಜೆ ಮುಗಿಸಿ, ಹೂಮಾಲೆಯ ಸಮೇತ ಅಧ್ಯಕ್ಷರು ಒಳಗೆ ಬಂದರು. ಸಾಹೇಬರ ಹಣೆ ನೋಡಿದರು, ತಟ್ಟೆ ನೋಡಿದರು. ಭಕ್ತಿಯಿಂದ ಕೈಮುಗಿದು, ಮೂರು ಬೆರಳು ಅದ್ದಿ, ಹಣೆಗೆ ಎಳೆದುಕೊಂಡೇಬಿಟ್ಟರು! ಅಧ್ಯಕ್ಷರು ಹಚ್ಚಿಕೊಂಡ ಮೇಲೆ ಸದಸ್ಯರು ಬಿಟ್ಟಾರೆಯೇ? ಪಾಳಿ ಹಚ್ಚಿದರು. ಕಂಪನಿಯ ಮ್ಯಾನೇಜರು ಕೊರಳಿಗೂ ಬಳಿದುಕೊಂಡು, ಉಳಿದದ್ದನ್ನು ಮನೆಯವರಿಗೆಂದು ಕಾಗದದಲ್ಲಿ ಕಟ್ಟಿಕೊಂಡ. ನನಗೆ ನಗು ಉಕ್ಕಿ ಬಂತು. ಸಾಹೇಬರ ಮುಖ ನೋಡಿದೆ, ನಗು ಅಲ್ಲೇ ಸತ್ತಿತು.

"ಸರ್, ಅದು ವಿಭೂತಿ ಅಲ್ರಿ" ಎಂದರು ಅವರು. "ಈ ಚಿಮಣಿ ಬೂದಿ ಐತ್ರಿ. ನೀವು ಬರದ ದಿನ ಮಂದಿ ಮನಿ ಮ್ಯಾಲೆ ಬೀಳತೈತಿ."

ಅಧ್ಯಕ್ಷರ ಕೈ ಹಣೆಯ ತನಕ ಹೋಗಿ ನಿಂತಿತು. ಒರೆಸಿದರೆ ಬೂದಿ ಎಂದು ಒಪ್ಪಿದಂತೆ. ಯಾರೂ ಒರೆಸಲಿಲ್ಲ. "ಎಲ್ರೀ ಬೂದಿ? ಸಾಕ್ಷ್ಯ ಎಲ್ಲಿದೆ?" ಎಂದರು ಅಧ್ಯಕ್ಷರು. ತಟ್ಟೆ ತೊಳೆದಿಟ್ಟಷ್ಟು ಖಾಲಿ.

"ಸಾಕ್ಷಿ ನಿಮ್ಮ ಹಣಿ ಮ್ಯಾಲೈತ್ರಿ ಸರ್."

ಯಾರಿಗೂ ತಮ್ಮ ಹಣೆ ತಮಗೆ ಕಾಣುವುದಿಲ್ಲವಲ್ಲ! ಅಧ್ಯಕ್ಷರು ಹೇಳಿದ್ದನ್ನು ನಾನೇ ಟೈಪ್ ಮಾಡಿದೆ: 'ಸಮಿತಿಗೆ ಎಲ್ಲಿಯೂ ಬೂದಿ ಕಂಡುಬರಲಿಲ್ಲ.' ಹೇಳುತ್ತಿದ್ದವರ ಹುಬ್ಬಿನ ಮೇಲೆ ಅದು ಉದುರುತ್ತಿತ್ತು. ಸಹಿ ಬಿತ್ತು.

ಕಚೇರಿ ಮುಚ್ಚಿತು. ನನ್ನನ್ನು ಕೂಡ್ಲಿಗಿಗೆ ಹಾಕಿದರು, ಅವರನ್ನು ಹಡಗಲಿಯ ಕಡೆಗೆ. ಆಮೇಲೆ ಒಂದೇ ಸಲ ಸಿಕ್ಕಿದ್ದು, ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ. "ಏನವಾ ತಂಗಿ, ಆರಾಮೇನು?" ಎಂದು ದನಿ ಕೇಳಿದ ಮೇಲೇ ಗುರುತು ಸಿಕ್ಕಿದ್ದು. ಅವರು ಮೊದಲು ಕೇಳಿದ್ದೇ ಹನುಮವ್ವನ ಸುದ್ದಿ.

"ಸಂಡಿಗಿ ಈಗ ಮನಿಯೊಳಗ ಫ್ಯಾನ್ ಕೆಳಗ ಒಣಗಸ್ತಾಳ್ರಿ ಸರ್."

"ಫ್ಯಾನಿನ ಕರೆಂಟು?"

"ನಮ್ಮ ಚಿಮಣಿದಾ ಇರಬೇಕ್ರಿ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ತಡೆಯಲಾರದೆ ಕೇಳಿದೆ: "ಹಣಿ ಯಾಕ್ರಿ ಸರ್, ಬರೇ ಐತಿ?"

"ಮನ್ಯಾಗ ಪೂಜಿಗೆ ಕುಂತಾಗ ಹಚ್ಚತೀನಿ ತಂಗಿ. ಹೊರಗ ಬರಾಗ ಒರಸತೀನಿ" ಎಂದರು. "ಅವತ್ತು ಅವ್ರು ತಟ್ಟ್ಯಾಗಿನ ಬೂದಿ ನೋಡಿ ಮೋಸ ಹೋಗಲಿಲ್ಲ. ನನ್ನ ಹಣಿ ನೋಡಿ ಮೋಸ ಹೋದ್ರು."

ನನ್ನ ಬಸ್ಸು ಬಂತು. ಕಿಟಕಿಯಿಂದ ಕೈಬೀಸಲೆಂದು ತಿರುಗಿ ನೋಡಿದೆ. ಅಷ್ಟು ಜನರಲ್ಲಿ ಅವರು ಯಾರೆಂದು ತಿಳಿಯಲಿಲ್ಲ.