ಕತ್ತರಿ ಗುರುತು ಕಲಿಸುವ ಕೆದಿಬೋನೆ

ಸರ್ಕಾರದ ಕಾಗದದ ಮೇಲೆ ಎಂದೂ ಗುರುತು ಹಾಕುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಾಗ ಕೆದಿಬೋನೆ ಮೊಟ್ಸಮೈ ಹನ್ನೊಂದು ವರ್ಷದ ಹುಡುಗಿ. ಓದು ಬಾರದ ಅಪ್ಪ, ಬಿಳಿಯ ಅಧಿಕಾರಿ ಬೆರಳಿಟ್ಟ ಕಡೆ ಸಹಿಯ ಬದಲು × ಎಂದು ಕತ್ತರಿ ಗುರುತು ಎಳೆದಿದ್ದ. ಎಂಟನೆಯ ದಿನ ಅವರನ್ನು ಎಬ್ಬಿಸಿ ಸಾಗಿಸಲು ಲಾರಿ ಬಂತು. ಮನೆ, ಹೊಲ, ಅಜ್ಜಿಯ ಗೋರಿ ಎಲ್ಲವೂ ಬಿಳಿಯರದಾಯಿತು.

ಈಗ ಅವರಿಗೆ ನಲವತ್ತಾರು. ೧೯೯೪ರ ಏಪ್ರಿಲ್, ದಕ್ಷಿಣ ಆಫ್ರಿಕದ ಪಶ್ಚಿಮ ಟ್ರಾನ್ಸ್‌ವಾಲ್. ಕರಿಯರು ಮೊದಲ ಸಲ ಓಟು ಹಾಕಲು ಇನ್ನು ಆರೇ ದಿನ. ಕೋಳಿ ಕೂಗುವ ಹೊತ್ತಿಗೆ, ಬಿಳಿಯ ದಣಿಯೊಬ್ಬನ ತೋಟದ ಹಾಲು ಕರೆಯುವ ಕೊಟ್ಟಿಗೆಯಲ್ಲಿ, ಒಂದೇ ಮೇಣದಬತ್ತಿಯ ಬೆಳಕಿನಲ್ಲಿ ಆಳುಗಳಿಗೆ ಓಟು ಹಾಕುವುದನ್ನು ಕಲಿಸಲು ಅವರು ಮತಪತ್ರದ ನಕಲು ಹರಡುತ್ತಾರೆ. ದಣಿಗೆ ಗೊತ್ತಾದರೆ ಇಲ್ಲಿರುವವರ ಕೆಲಸ ಹೋಗುತ್ತದೆ. ಹೋದ ವಾರ ಇದೇ ಪಾಠ ಹೇಳುತ್ತಿದ್ದವನೊಬ್ಬನ ಗುಡಿಸಲು ಸುಟ್ಟು ಬೂದಿಯಾಗಿದೆ. ದೂರದಲ್ಲಿ ಗಾಡಿಯ ಸದ್ದಾದರೆ ಯಾರೋ ಬತ್ತಿ ಆರಿಸುತ್ತಾರೆ. ಆಮೇಲೆ ಹಸುಗಳ ಉಸಿರು ಮಾತ್ರ.

ಶಾಲೆಯಲ್ಲಿ ಕಸ ಗುಡಿಸುವುದು ಅವರ ಕೆಲಸ. ಈ ಪಾಠಕ್ಕೆ ಸಂಬಳವಿಲ್ಲ. ಐದು ವಾರದಲ್ಲಿ ಹತ್ತೊಂಬತ್ತು ತೋಟ, ಅಷ್ಟೂ ಕಾಲ್ನಡಿಗೆ. ಎಲ್ಲೆಲ್ಲೂ ಜನ ಮಾಡುವ ತಪ್ಪು ಒಂದೇ: ಮತಪತ್ರದ ಚಿತ್ರಗಳಲ್ಲಿ ತಮಗೆ ಬೇಡದವನ ಮುಖದ ಪಕ್ಕಕ್ಕೇ ಕತ್ತರಿ ಎಳೆಯುತ್ತಾರೆ. ಮೇಷ್ಟ್ರು ಸ್ಲೇಟಿನ ಮೇಲೆ ತಪ್ಪಿಗೆ ಹಾಕುತ್ತಿದ್ದ ಗುರುತಲ್ಲವೇ ಅದು.

"ಹಂಗೆ ಹಾಕಿದ್ರೆ ಅವನೇ ಗೆಲ್ಲೋದು ಕಣ್ರೋ. ಇಷ್ಟು ವರ್ಷ ಹೊತ್ತಿದ್ದು ಸಾಲ್ದಾ?" ಎಂದು ಕೆದಿಬೋನೆ ಛೇಡಿಸುತ್ತಾರೆ. ಎಲ್ಲರೂ ನಗುತ್ತಾರೆ, ಸದ್ದಾಗದ ಹಾಗೆ.

ಹಾಲು ಕರೆಯುವ ತ್ಲಾಡಿ ತಾತ ಮಾತ್ರ ಪೆನ್ಸಿಲ್ ಮುಟ್ಟುವುದಿಲ್ಲ. ಮತಗಟ್ಟೆಯಲ್ಲಿ ಕೈಗೆ ಹಚ್ಚುವ ಮಸಿ ಬರಿಗಣ್ಣಿಗೆ ಕಾಣದು, ದಣಿಯ ಹತ್ತಿರ ಅದನ್ನು ತೋರಿಸುವ ದೀಪವಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿದೆ. ಓಟು ಯಾರಿಗೆ ಹಾಕಿದೆಯೆಂದು ಯಾವ ದೀಪವೂ ಹೇಳದು ಎಂದು ಕೆದಿಬೋನೆ ತಿಳಿಸಿ ಹೇಳುತ್ತಾರೆ. ತಾತ ಕೇಳುವುದೇ ಬೇರೆ: "ಊರಿಗೆಲ್ಲ ಹೇಳ್ತೀಯಲ್ಲ ಮಗಳೇ, ನೀನು ಹಾಕ್ತೀಯಾ?"

ಕೆದಿಬೋನೆ ನಕಲನ್ನು ಮಡಿಸತೊಡಗುತ್ತಾರೆ. ಇಷ್ಟು ದಿನವೂ ಬೆರಳಲ್ಲಿ ತೋರಿಸಿದ್ದಾರೆಯೇ ಹೊರತು ತಾವಾಗಿ ಒಂದು ಗೀಟೂ ಎಳೆದಿಲ್ಲ.

"ಹೇಳ್ಕೊಡೋಕೆ ಧೈರ್ಯ ಯಾಕೆ ಬೇಕು?" ಎಂದು ಮನೆಯ ದಾರಿಯಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಆ ಗುರುತು ನೋಡಿದ್ರೆ ಈಗ್ಲೂ ಲಾರಿ ಬಂದಂಗಾಗುತ್ತೆ ನಂಗೆ. ಅಪ್ಪನೂ ಇಲ್ಲ. ಕೊಟ್ಟ ಮಾತು ಬಿಟ್ಟುಬಿಡು ಅಂತ ಹೇಳೋರು ಯಾರು?"

ಏಪ್ರಿಲ್ ಇಪ್ಪತ್ತೇಳು. ಮತಗಟ್ಟೆಯ ಮುಂದೆ ಕಣ್ಣು ಹಾಯುವಷ್ಟು ಉದ್ದದ ಸಾಲು. ರಸ್ತೆಯಾಚೆ ಪಿಕಪ್ ಗಾಡಿಯ ಮೇಲೆ ಕೋವಿ ಹಿಡಿದ ಮೂವರು ಬಿಳಿಯರು ಒಂದೊಂದೇ ಮುಖ ನೋಡುತ್ತಿದ್ದಾರೆ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ತ್ಲಾಡಿ ತಾತ ಕೆದಿಬೋನೆಯ ಬೆನ್ನ ಹಿಂದೆಯೇ ಇದ್ದಾರೆ.

"ನೀನು ಮೊದ್ಲು ಹೋಗು. ಜೀವಂತ ಹೊರಗೆ ಬಂದ್ರೆ ನಾನೂ ಹೋಗ್ತೀನಿ."

ಒಳಗೆ, ರಟ್ಟಿನ ಮರೆಯಲ್ಲಿ, ಪೆನ್ಸಿಲ್ ಎರಡು ಸಲ ಬೆರಳಿನಿಂದ ಜಾರುತ್ತದೆ. ಮೂರನೆಯ ಸಲ ಕೆದಿಬೋನೆ ಅದನ್ನು ಮುಷ್ಟಿಯಲ್ಲಿ ಹಿಡಿದು ಕತ್ತರಿ ಗುರುತು ಎಳೆಯುತ್ತಾರೆ. ಕಾಗದ ಮಡಿಸಿ ಪೆಟ್ಟಿಗೆಗೆ ಹಾಕುತ್ತಾರೆ.

ಅಪ್ಪನಿಗೆ ಕೊಟ್ಟ ಮಾತನ್ನು ಅವರು ಮುರಿದಿದ್ದಾರೆ.